ಕೊಡುವ ಮೊದಲೇ ಉಪಕಾರ

ಆ ದಿನದ ಫಜೀತಿಗೆಲ್ಲ ಮೂಲ ಗಾಲಿಯಣ್ಣನ ಬಲಗೈ ತೋರುಬೆರಳಿಗೆ ಮೆತ್ತಿದ್ದ ಚೈನಿನ ಎಣ್ಣೆ. ಮೆತ್ತಿದ್ದದ್ದು ಸಾಸಿವೆ ಕಾಳಿನಷ್ಟು. ಆದರೆ ಫೋನಿನ ಗಾಜಿನ ಮೇಲೆ ಬೆರಳು ನಿಲ್ಲಬೇಕಾದಲ್ಲಿ ನಿಲ್ಲದೆ ಅರ್ಧ ಅಂಗುಲ ಕೆಳಕ್ಕೆ ಜಾರಲು ಅಷ್ಟು ಸಾಕಾಯಿತು.

ಗಾಲಿಯಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಕಾಣಿಸುತ್ತಿರಲಿಲ್ಲ. ಸೈಕಲ್ ರಿಪೇರಿ ಅವನ ಕಸುಬು. ಇಪ್ಪತ್ತಾರು ವರ್ಷಗಳಿಂದ ಊರಿನ ಎಲ್ಲ ಗಾಲಿಗಳ ಡೊಂಕನ್ನೂ ಅವನೇ ತೆಗೆದಿದ್ದ. ಸೈಕಲ್ಲಿನ ಗಾಲಿ ಸರಿ ಮಾಡುವವನು ಗಾಲಿಕುರ್ಚಿಯದನ್ನೂ ಮಾಡಬಲ್ಲ ಎಂಬ ಒಂದೇ ಕಾರಣಕ್ಕೆ ಊರಿನ ರೋಗಿಗಳ ಸಹಾಯ ಸಂಘಕ್ಕೆ ಅವನನ್ನು ಕಾರ್ಯದರ್ಶಿ ಮಾಡಿದ್ದರು.

ಸಂಘದ ಕೆಲಸ ಸರಳವಾದದ್ದು. ಕಾಲು ಮುರಿದವರಿಗೆ ಊರುಗೋಲು, ನಡೆಯಲಾರದವರಿಗೆ ಗಾಲಿಕುರ್ಚಿ, ಹಾಸಿಗೆ ಹಿಡಿದವರಿಗೆ ತಲೆಯ ಕಡೆ ಏರಿಸಬಹುದಾದ ಕಬ್ಬಿಣದ ಮಂಚ. ಯಾರು ಬೇಕಾದರೂ ಪುಸ್ತಕದಲ್ಲಿ ಹೆಸರು ಬರೆಸಿ ಒಯ್ಯಬಹುದು, ವಾಸಿಯಾದ ಮೇಲೆ ತಂದುಕೊಟ್ಟರೆ ಆಯಿತು. ಅಧ್ಯಕ್ಷೆ ನರ್ಸಮ್ಮ. ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾಗಿದ್ದರೂ, ಎದುರು ಸಿಕ್ಕಿದವರ ಮುಖ ನೋಡಿದೊಡನೆ ನಾಲಗೆ ಚಾಚಲು ಹೇಳುವ ಅಭ್ಯಾಸ ಆಕೆಯನ್ನು ಬಿಟ್ಟಿರಲಿಲ್ಲ.

ಸಾಮಾನೆಲ್ಲ ಇದ್ದದ್ದು ಗಿರಣಿಯ ಹಿಂದಿನ ಕೊಠಡಿಯಲ್ಲಿ. ಗಿರಣಿ ಯಜಮಾನ ಮಾತನ್ನೂ ತಕ್ಕಡಿಗೆ ಹಾಕಿ ಕೊಡುವ ಮನುಷ್ಯ. ಎಂಟು ವರ್ಷದ ಹಿಂದೆ ಅವನ ತಾಯಿ ಕೊನೆಯ ದಿನಗಳನ್ನು ಸಂಘದ ಗಾಲಿಕುರ್ಚಿಯಲ್ಲಿ ಕಳೆದಿದ್ದಳು. ಆಗ ಕೊಠಡಿ ಬಿಟ್ಟುಕೊಟ್ಟಿದ್ದ. ಈಗ ಹೊಸ ಯಂತ್ರವೊಂದು ಬರುವುದಿತ್ತು. "ಶುಕ್ರವಾರ ಲಾರಿ ಬರುತ್ತೆ. ಅಷ್ಟರಲ್ಲಿ ಖಾಲಿ ಮಾಡಿ," ಎಂದಿದ್ದ. ಆರು ಪದ. ಅದರ ಮೇಲೆ ಒಂದು ಅಕ್ಷರವನ್ನೂ ಹೆಚ್ಚಿಗೆ ತೂಗಿರಲಿಲ್ಲ.

ಗಾಲಿಯಣ್ಣ ಶಾಲೆಯವರನ್ನು ಕೇಳಿದ, ಹಾಲಿನ ಡೈರಿಯವರನ್ನು ಕೇಳಿದ, ಮುಚ್ಚಿಹೋದ ಸಿನಿಮಾ ಟೆಂಟಿನ ವಾರಸುದಾರನನ್ನೂ ಹುಡುಕಿ ಕೇಳಿದ. ಎಲ್ಲರೂ ಒಳ್ಳೆಯ ಕೆಲಸ ಎಂದರು, ಯಾರೂ ಬಾಗಿಲು ತೆಗೆಯಲಿಲ್ಲ. ತನ್ನ ಮನೆಯಲ್ಲಿ ಮಾತ್ರ ಕೇಳಿರಲಿಲ್ಲ. ಹೆಂಡತಿಯೊಬ್ಬಳನ್ನು ಬಿಟ್ಟು ಇಡೀ ಊರಿನಲ್ಲಿ ಯಾರನ್ನು ಬೇಕಾದರೂ ಏನನ್ನು ಬೇಕಾದರೂ ಕೇಳುವ ಧೈರ್ಯ ಅವನಿಗಿತ್ತು. ಜಾಗ ಸಿಗದಿದ್ದರೆ ನಲವತ್ತಮೂರು ಸಾಮಾನು ಬೀದಿಗೆ ಬೀಳುತ್ತಿದ್ದವು. ಸಂಘ ಅಲ್ಲಿಗೆ ಮುಗಿಯುತ್ತಿತ್ತು. ಕುಂಬಾರನ ತಾಯಿ ಸೊಂಟ ಮುರಿದುಕೊಂಡು ಆಸ್ಪತ್ರೆಯಿಂದ ಅದೇ ಶುಕ್ರವಾರ ಮನೆಗೆ ಬರುವವಳಿದ್ದಳು, ಅವಳಿಗೊಂದು ಮಂಚ ಕೊಡುತ್ತೇವೆಂದು ಮಾತು ಕೊಟ್ಟಾಗಿತ್ತು.

ಇಂಥ ಹೊತ್ತಿನಲ್ಲಿ ನರ್ಸಮ್ಮ ಒಂದು ದಿನದ ತರಬೇತಿಗೆ ಹೋಗಿಬಂದರು. ಸೇವಾ ಸಂಘಗಳು ಫೋನಿನ ಮೂಲಕ ಜನರನ್ನು ಹತ್ತಿರ ಮಾಡಿಕೊಳ್ಳುವುದು ಹೇಗೆ ಎಂಬುದು ಅಲ್ಲಿಯ ವಿಷಯ. ಹನ್ನೊಂದು ಪುಟ ಬರೆದುಕೊಂಡು ಬಂದ ಆಕೆ ಸಂಘಕ್ಕೊಂದು ಪೇಜು ತೆರೆದು, ಊರಿನ ಆರುನೂರು ಜನರನ್ನು ಅದಕ್ಕೆ ಸೇರಿಸಿ, ಫೋನಿನ ಜವಾಬ್ದಾರಿಯನ್ನು ಗಾಲಿಯಣ್ಣನ ತಲೆಗೆ ಕಟ್ಟಿದರು.

"ನೋಡಿ ಗಾಲಿಯಣ್ಣ, ಕೇಳೋದು ಒಂದೇ ಸಲ. ಉಪಕಾರ ಹೇಳೋದು ಹತ್ತು ಸಲ. ಸಾಮಾನಿನ ಫೋಟೋ ಹಾಕ್ಬೇಡಿ, ಮನುಷ್ಯರ ಮುಖ ಹಾಕಿ. ಯಾರು ಏನೇ ಬರೆದ್ರೂ ಉತ್ತರ ಕೊಡ್ಬೇಕು."

"ಬೈದ್ರೆ?"

"ಬೈದ್ರೂ ಉಪಕಾರ ಅನ್ನಿ. ಇನ್ನೊಂದು ಮಾತು. ಕೇಳೋ ಪೋಸ್ಟು ಬರೆಯೋವಾಗ್ಲೇ ಉಪಕಾರದ ಪೋಸ್ಟನ್ನೂ ಬರೆದಿಟ್ಕೊಳ್ಳಿ. ಆಮೇಲೆ ತಡ ಆಗಬಾರದು."

ಗಾಲಿಯಣ್ಣ ಎರಡನ್ನೂ ಬರೆದಿಟ್ಟ. ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ಬರೆಯುವುದಕ್ಕೆ ಮೂರು ಪಂಚರ್ ಹಾಕುವಷ್ಟು ಹೊತ್ತು ಹಿಡಿಯಿತು. ಮೊದಲನೆಯದರಲ್ಲಿ ಯಾರ ಬಳಿಯಾದರೂ ಖಾಲಿ ಕೊಠಡಿ ಇದ್ದರೆ ಕೊಡಿ ಎಂದು ಕೇಳಿದ್ದ. ಎರಡನೆಯದಕ್ಕೆ ಕೊಟ್ಟವರ ಹೆಸರು ಬೇಕಲ್ಲ. ಕೊಡುವವರು ಯಾರೆಂದು ಅವನಿಗೇನು ಗೊತ್ತು? ಆಮೇಲೆ ತಿದ್ದಿದರಾಯಿತೆಂದು ಸದ್ಯಕ್ಕೆ ಗಿರಣಿ ಯಜಮಾನನ ಹೆಸರನ್ನೇ ಹಾಕಿದ. ನರ್ಸಮ್ಮನ ಬಳಿ ಇದ್ದ ಹಳೆಯ ಚಿತ್ರವೊಂದನ್ನೂ ಅಂಟಿಸಿದ. ಅದರಲ್ಲಿ ಗಿರಣಿ ಯಜಮಾನ ತಾಯಿಯ ಗಾಲಿಕುರ್ಚಿ ತಳ್ಳುತ್ತಿದ್ದ. ತಾಯಿ ಏನೋ ಹೇಳಿದ್ದಳು, ಮಗ ನಕ್ಕಿದ್ದ. ಅವನು ನಕ್ಕದ್ದಕ್ಕೆ ಊರಿನಲ್ಲಿದ್ದ ದಾಖಲೆ ಅದೊಂದೇ.

ಗುರುವಾರ ಬೆಳಿಗ್ಗೆ ನರ್ಸಮ್ಮ ಯಾರೋ ಕೊಡುತ್ತೇನೆಂದಿದ್ದ ವಾಕರ್ ತರಲು ಪಕ್ಕದ ಊರಿನ ಬಸ್ಸು ಹತ್ತಿದರು. ಗಾಲಿಯಣ್ಣ ಅಂಗಡಿ ತೆರೆದು, ಕಳಚಿಕೊಂಡ ಒಂದು ಚೈನು ಏರಿಸಿ, ಕೈಯನ್ನು ಪಂಚೆಗೆ ಒರೆಸಿಕೊಂಡು ಮೊದಲನೆಯ ಪೋಸ್ಟನ್ನು ಒತ್ತಿದ. ಬೆರಳು ಜಾರಿತು.

ಪಕ್ಕದ ಕ್ಷೌರದಂಗಡಿಯಲ್ಲಿ ಫೋನು ಟಣ್ ಎಂದಿತು. ಕ್ಷೌರಿಕ ಒಂದು ಗಲ್ಲಕ್ಕೆ ಸೋಪು ಹಚ್ಚಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ಹೊರಗೆ ಬಂದ.

"ಏನ್ ಗಾಲಿಯಣ್ಣ, ಕಲ್ಲಿನಿಂದ ನೀರು ತೆಗೆದುಬಿಟ್ಯಲ್ಲ. ಗಿರಣಿಯವನು ಕೊಠಡಿ ಶಾಶ್ವತವಾಗಿ ಬಿಟ್ಕೊಟ್ನಂತೆ?"

"ಯಾರ್ ಹೇಳಿದ್ದು?"

"ನೀನೇ ಹೇಳ್ತಿದೀಯ. ಓದ್ತೀನಿ ಕೇಳು. 'ದೊಡ್ಡ ಮನಸ್ಸಿನ, ಮೃದು ಸ್ವಭಾವದ ನಮ್ಮ ಗಿರಣಿ ಯಜಮಾನರು...' ಮೃದು ಸ್ವಭಾವ ಅಂತ ನೋಡಿದ್ಮೇಲೆ ನಾನೂ ಇನ್ನೊಂದ್ಸಲ ಹೆಸರು ಓದ್ದೆ."

ಗಾಲಿಯಣ್ಣನ ಮುಖ ಗಾಳಿ ಬಿಟ್ಟ ಟ್ಯೂಬಿನಂತಾಯಿತು. "ಅಯ್ಯೋ, ಅದು ತಪ್ಪಾಗಿ ಹೋಯ್ತು. ಅಳಿಸೋದು ಹೇಗೆ ಹೇಳು."

"ಕೊಡಿಲ್ಲಿ. ಈ ಮೂರು ಚುಕ್ಕಿ ಇದಾವಲ್ಲ, ಇಲ್ಲಿರಬೇಕು. ಆಮೇಲೆ ಇದು. ಆಮೇಲೆ ಇದು."

ಕ್ಷೌರಿಕನ ಬೆರಳಲ್ಲಿ ಸೋಪಿತ್ತು. ಫೋನು ಸಣ್ಣಗೆ ಒಮ್ಮೆ ನಡುಗಿತು. ಅಳಿಸಬೇಕಾದ ಪೋಸ್ಟು ಹಾಲಿನ ಡೈರಿಯ ಗ್ರೂಪಿಗೂ, ಶಾಲೆಯ ಹಳೆ ವಿದ್ಯಾರ್ಥಿಗಳ ಗ್ರೂಪಿಗೂ, ಊರು ಬಿಟ್ಟು ದೂರ ಹೋದವರ ಗ್ರೂಪಿಗೂ ಹೋಗಿ ಕೂತಿತು.

"ಅಳೀತಾ?"

"ಇಲ್ಲ," ಎಂದ ಕ್ಷೌರಿಕ, ಬಹಳ ಹೊತ್ತು ಗಾಜನ್ನು ನೋಡಿ. "ಮರಿ ಹಾಕ್ತು."

ನರ್ಸಮ್ಮನಿಗೆ ಫೋನು ಮಾಡಿದರೆ ಸಿಗಲಿಲ್ಲ. ಬಸ್ಸು ಗುಡ್ಡದ ಹಿಂದೆ ಎಲ್ಲೋ ಇತ್ತು. ಇನ್ನು ಉಳಿದಿದ್ದ ದಾರಿ ಒಂದೇ, ಗಿರಣಿಗೆ ಹೋಗಿ ಕಾಲು ಹಿಡಿಯುವುದು. ಗಿರಣಿಯವನ ಕಣ್ಣಿಗೆ ಪೋಸ್ಟು ಬೀಳುವ ಮೊದಲೇ ಹೇಳಿಬಿಟ್ಟರೆ ಬೈಗುಳದಲ್ಲಿ ಮುಗಿಯಬಹುದು. ಬಿದ್ದ ಮೇಲಾದರೆ ಅವನು ನಾಳೆಯವರೆಗೂ ಕಾಯುವುದಿಲ್ಲ, ಸಾಮಾನು ಈಗಲೇ ಹೊರಗೆ ಬರುತ್ತದೆ.

ಗಾಲಿಯಣ್ಣ ಸೈಕಲ್ ಹತ್ತಿದ. ಐದು ನಿಮಿಷದ ದಾರಿ ಅದು. ಅಂದು ಮುಕ್ಕಾಲು ಗಂಟೆ ಹಿಡಿಯಿತು. ತಿರುವಿನಲ್ಲಿ ಅಂಚೆಯವನು ಅಡ್ಡ ನಿಂತು ಕೈ ಕುಲುಕಿದ. ಬಡಗಿ ಮರದ ಹಲಗೆ ಕೆಳಗಿಟ್ಟು ಹತ್ತಿರ ಬಂದ. "ಹೋದ ವರ್ಷ ಮಾಡಿನಿಂದ ಬಿದ್ದಾಗ ನಾಲ್ಕು ತಿಂಗಳು ನಿಮ್ಮ ಊರುಗೋಲಲ್ಲೇ ಓಡಾಡಿದೆ ಅಣ್ಣ. ವಾಪಸ್ ಕೊಟ್ಟಾಗ ಬಾಯಲ್ಲಿ ಒಂದು ಮಾತೂ ಬರ್ಲಿಲ್ಲ. ಅವತ್ತು ನಾಚಿಕೆ ಆಯ್ತು. ಇವತ್ತು ನಿಮ್ಮ ಪೇಜಲ್ಲಿ ಬರ್ದೆ, ಓದಿ."

"ಆಮೇಲೆ ಓದ್ತೀನಪ್ಪ, ಅರ್ಜೆಂಟಿದೆ."

"ನಾಲ್ಕೇ ಸಾಲು. ಈಗ್ಲೇ ಓದಿ."

ಗಾಲಿಯಣ್ಣ ಓದಿದ. ನಾಲ್ಕೇ ಸಾಲು. ಆದರೆ ಕಣ್ಣು ಮಂಜಾಗಿದ್ದರಿಂದ ಎರಡು ಸಲ ಓದಬೇಕಾಯಿತು. ಇಷ್ಟು ವರ್ಷ ಸಾಮಾನು ಹೋಗುತ್ತಿತ್ತು, ಬರುತ್ತಿತ್ತು. ಅದು ಹೋದ ಮನೆಯೊಳಗೆ ಏನಾಗುತ್ತಿತ್ತೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಕೆಳಗೆ ಇನ್ನೂ ಎಂಬತ್ತು ಜನ ಬರೆದಿದ್ದರು.

ಗಿರಣಿಯ ಮುಂದೆ ಆಗಲೇ ಜನ ಸೇರಿದ್ದರು. ಚಹಾದಂಗಡಿಯಕ್ಕ ದೊಡ್ಡ ಕೆಟಲ್ ತಂದು ಎಲ್ಲರಿಗೂ ಲೋಟ ಹಂಚುತ್ತಿದ್ದಳು. ಗಿರಣಿ ಯಜಮಾನ ತಕ್ಕಡಿಯ ಪಕ್ಕದಲ್ಲಿ, ಸಂತೆಯ ನಡುವೆ ಸಿಕ್ಕಿಬಿದ್ದ ಎತ್ತಿನ ಹಾಗೆ, ಯಾವ ಕಡೆ ತಿರುಗಿದರೂ ದಾರಿ ಕಾಣದೆ ನಿಂತಿದ್ದ. ಗಾಲಿಯಣ್ಣ ಸೈಕಲ್ಲನ್ನು ಗೋಡೆಗೊರಗಿಸಿ, ಮೂಟೆಗಳ ಸಾಲಿನ ಹಿಂದೆ ಕುಕ್ಕರಗಾಲಲ್ಲಿ ಕೂತ.

"ಏನಿದೆಲ್ಲ? ನಾನು ಕೊಠಡಿ..." ಎಂದು ಗಿರಣಿ ಯಜಮಾನ ಶುರು ಮಾಡಿದ.

"ಗೊತ್ತಣ್ಣ, ನೀವು ಹೇಳ್ಕೊಳ್ಳೋರಲ್ಲ," ಎಂದಳು ಚಹಾದಂಗಡಿಯಕ್ಕ. "ನಮ್ಮ ಅತ್ತೆ ಆರು ತಿಂಗಳು ಆ ಮಂಚದ ಮೇಲಿದ್ರು. ಬೆನ್ನು ಹುಣ್ಣಾಗ್ಲಿಲ್ಲ. ಕುಡೀರಿ, ಸಕ್ಕರೆ ಕಡಿಮೆ ಹಾಕಿದೀನಿ."

"ನಾನು ಹೇಳೋದು ಕೇಳಿ. ಆ ಯಂತ್ರ..."

"ಯಂತ್ರಕ್ಕಿಂತ ಮನುಷ್ಯ ಮುಖ್ಯ ಅಂತ ತೋರಿಸಿಕೊಟ್ರಿ," ಎಂದ ಒಬ್ಬ ಮುದುಕ. ಅವನ ಎರಡೂ ಕಣ್ಣಲ್ಲಿ ನೀರಿತ್ತು. ಅವನು ಗಿರಣಿ ಯಜಮಾನನ ಕೈ ಹಿಡಿದವನು ಬಿಡಲೇ ಇಲ್ಲ. ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದು ಮುದುಕನ ವಶದಲ್ಲಿ. ಗಿರಣಿ ಯಜಮಾನನಿಗೆ ಹಣೆಯ ಬೆವರು ಒರೆಸಿಕೊಳ್ಳಲೂ ಕೈಯಿರಲಿಲ್ಲ. ಇಪ್ಪತ್ತು ವರ್ಷದಿಂದ ಅವನ ಬಳಿ ಜನ ಬರುತ್ತಿದ್ದದ್ದು ತೂಕದಲ್ಲಿ ಮೋಸವಾಯಿತೆಂದು ಜಗಳ ಆಡಲಿಕ್ಕೆ ಮಾತ್ರ. ಜಗಳಕ್ಕೆ ಉತ್ತರ ಕೊಡುವುದು ಅವನಿಗೆ ಗೊತ್ತಿತ್ತು. ಈಗ ಕೈಯಲ್ಲಿದ್ದ ಚಹಾವನ್ನೇ ಒಂದು ಗುಟುಕು ಕುಡಿದ.

ಆಗ ಅವನ ಫೋನು ಬಡಿದುಕೊಂಡಿತು. ಹೆಸರು ನೋಡಿದವನೇ ಲೋಟವನ್ನು ತಕ್ಕಡಿಯ ತಟ್ಟೆಯಲ್ಲಿಟ್ಟು, ಮುದುಕನ ಕೈಯಿಂದ ಬಿಡಿಸಿಕೊಂಡು ಹಿಂದಿನ ಕೊಠಡಿಗೆ ಹೋಗಿ ಬಾಗಿಲು ಹಾಕಿಕೊಂಡ. ಸಾಮಾನು ಎತ್ತಿ ಎಸೆಯಲಿಕ್ಕೇ ಒಳಗೆ ಹೋದನೆಂದುಕೊಂಡ ಗಾಲಿಯಣ್ಣ ಮೂಟೆಗಳ ಹಿಂದಿನಿಂದ ನುಸುಳಿ, ಹಗ್ಗ ಬಿಚ್ಚಿದ ಕರುವಿನಂತೆ ಅಂಗಡಿಗೆ ಓಟ ಕಿತ್ತ. ಅರ್ಧ ದಾರಿಯಲ್ಲಿ ಸೈಕಲ್ಲಿನ ನೆನಪಾಗಿ ವಾಪಸ್ ಹೋಗಿ ತಂದ.

ಮಧ್ಯಾಹ್ನ ಎರಡರ ಹೊತ್ತಿಗೆ ಗಿರಣಿ ಯಜಮಾನ ತನ್ನ ಸೈಕಲ್ ತಳ್ಳಿಕೊಂಡು ಬಂದ. ಕ್ಷೌರಿಕ ತನ್ನ ಬಾಗಿಲಿನಲ್ಲಿ ಕತ್ತರಿ ಹಿಡಿದು ನಿಂತ, ಕತ್ತರಿಸುವ ಕೆಲಸವೇನೂ ಇರಲಿಲ್ಲ. ಗಿರಣಿ ಯಜಮಾನ ಸ್ಟೂಲಿನ ಮೇಲೆ ಕೂತ.

"ಬರೆದದ್ದು ನೀನಾ?"

"ಹೌದು ಯಜಮಾನ್ರೇ. ತಪ್ಪಾಯ್ತು. ಬೆರಳು ಜಾರಿ..."

"ತಪ್ಪು ಅಂತ ನಂಗೊತ್ತಿಲ್ವಾ? ನಾನು ಕೊಟ್ಟಿದೀನೋ ಇಲ್ವೋ ಅಂತ ಊರಲ್ಲಿ ಗೊತ್ತಿರೋನು ನಾನೊಬ್ನೇ."

ಗಾಲಿಯಣ್ಣ ತಲೆ ತಗ್ಗಿಸಿದ.

"ಅಕ್ಕ ಫೋನ್ ಮಾಡಿದ್ಲು," ಎಂದ ಗಿರಣಿ ಯಜಮಾನ. "ಅಮ್ಮ ಹೋದಾಗ ಏನೋ ಒಂದು ಮಾತಿಗೆ ಮುನಿಸ್ಕೊಂಡು ಹೋದೋಳು. ಎಂಟು ವರ್ಷ. ಆ ಫೋಟೋ ಅವಳಿಗೆ ಹೋಗಿದೆ. ಅಮ್ಮನ ಜೊತೆ ನೀನು ಹೀಗೆ ನಗ್ತಿದ್ದೆ ಅಂತ ಗೊತ್ತೇ ಇರ್ಲಿಲ್ಲ ಕಣೋ ಅಂದ್ಲು. ಆಮೇಲೆ ಇಬ್ರೂ ಫೋನ್ ಹಿಡ್ಕೊಂಡು ಸುಮ್ನೆ ಕೂತಿದ್ವಿ. ಹಬ್ಬಕ್ಕೆ ಬರ್ತೀನಿ ಅಂದಿದಾಳೆ."

ಇಷ್ಟು ಮಾತನ್ನು ಅವನ ಬಾಯಿಂದ ಒಂದೇ ಸಲಕ್ಕೆ ಕೇಳಿದವರು ಊರಿನಲ್ಲಿ ಯಾರೂ ಇರಲಿಲ್ಲ. "ಹಾಗಾದ್ರೆ ಕೊಠಡಿ..." ಎಂದು ಗಾಲಿಯಣ್ಣ ಮೆಲ್ಲಗೆ ಎಳೆದ.

"ಕೊಠಡಿ ಬೇಕು ನಂಗೆ. ನಾಳೆ ಲಾರಿ ಬರುತ್ತೆ." ಗಿರಣಿ ಯಜಮಾನ ಗಲ್ಲ ಕೆರೆದುಕೊಂಡ. "ಆದ್ರೆ ಈ ಒಳ್ಳೇ ಮಾತುಗಳಿದಾವಲ್ಲ, ಇವನ್ನ ವಾಪಸ್ ಕೊಡೋಕೂ ಮನಸ್ಸಿಲ್ಲ. ಅಕ್ಕನಿಗೆ ಏನಂತ ಹೇಳ್ಲಿ? ಬೆಳಿಗ್ಗೆಯಿಂದ ಅದನ್ನೇ ಯೋಚ್ನೆ ಮಾಡ್ತಿದ್ದೆ. ಹೌದು, ಇದಕ್ಕೆ ನಾನು ಉತ್ತರ ಬರೀಬೇಕು ಅಂದ್ರೆ ಎಲ್ಲಿ ಒತ್ಬೇಕು?"

ಗಾಲಿಯಣ್ಣನಿಗೆ ಆನೆಬಲ ಬಂತು. ಉತ್ತರ ಬರೆಯುತ್ತಾನೆಂದರೆ ಮನಸ್ಸು ಕರಗಿದೆ ಎಂದೇ ಅರ್ಥ. ಕೈಯನ್ನು ಸೋಪು ಹಚ್ಚಿ ತೊಳೆದುಕೊಂಡು ಬಂದು, ಎಲ್ಲಿ ಒತ್ತಬೇಕೆಂದು ತೋರಿಸಿಕೊಟ್ಟ. ಗಿರಣಿ ಯಜಮಾನ ಫೋನನ್ನು ಎದೆಗೆ ಹತ್ತಿರ ಹಿಡಿದು, ಗೋಡೆಯ ಕಡೆ ತಿರುಗಿ, ಒಂದೊಂದೇ ಅಕ್ಷರ ತೂಗಿ ತೂಗಿ ಅರ್ಧ ಗಂಟೆ ಬರೆದ. ಒಮ್ಮೆ ಮಾತ್ರ ತಲೆಯೆತ್ತಿ ಕೇಳಿದ.

"ನಿನ್ನ ಮನೆಗೆ ಮೆಟ್ಟಿಲಿಲ್ಲ ಅಲ್ವಾ?"

"ಇಲ್ಲ ಯಜಮಾನ್ರೇ. ಬೀದಿಯಿಂದ ನೇರವಾಗಿ ಒಳಗೆ ಕಾಲಿಡಬಹುದು. ಯಾಕೆ?"

"ಸುಮ್ನೆ ಕೇಳ್ದೆ." ಬರೆದು ಮುಗಿಸಿ ಎದ್ದ. "ಸೈಕಲ್ ಇಲ್ಲೇ ಇರ್ಲಿ. ಎರಡೂ ಗಾಲಿಯ ಡೊಂಕು ತೆಗಿ. ಕಡ್ಡಿ ಒಂದೊಂದೂ ನೋಡು. ಅವಸರ ಬೇಡ, ಸಂಜೆ ತನಕ ಕೂತು ಮಾಡು."

"ಇಷ್ಟು ಉಪಕಾರ ಮಾಡಿದೀರಿ, ಕೂಲಿ ತಗೊಳ್ಳೋದಿಲ್ಲ ನಾನು."

"ನಾನೂ ಕೊಡೋದಿಲ್ಲ," ಎಂದ ಗಿರಣಿ ಯಜಮಾನ, ಮತ್ತೆ ಮೊದಲಿನ ಮನುಷ್ಯನಾಗಿ.

ಗಾಲಿಯಣ್ಣ ಆ ಮಧ್ಯಾಹ್ನವನ್ನು ಬಹಳ ದಿನ ಮರೆಯಲಿಲ್ಲ. ಎಪ್ಪತ್ತೆರಡು ಕಡ್ಡಿಗಳನ್ನೂ ಒಂದೊಂದಾಗಿ ಬಿಗಿ ಮಾಡಿದ. ಗಾಲಿ ತಿರುಗಿಸಿ ಬಿಟ್ಟರೆ ನೀರಿನ ಸುಳಿಯಂತೆ ಅಲುಗದೆ ತಿರುಗಿತು. ಎಂಟು ವರ್ಷ ಒಣಗಿದ್ದ ಇಬ್ಬರು ಒಡಹುಟ್ಟಿದವರ ನಡುವೆ ಮಾತು ಹುಟ್ಟಿತು, ಸಂಘ ಉಳಿಯಿತು, ಕುಂಬಾರನ ತಾಯಿಗೆ ಮಂಚ ಸಿಗುತ್ತದೆ. ತನ್ನಂಥ ದಡ್ಡನ ತಪ್ಪಿನಿಂದಲೂ ಇಷ್ಟೆಲ್ಲ ಒಳ್ಳೆಯದಾಗುತ್ತದೆಯಲ್ಲ ಎಂದು ಯಾರಿಗೆಂದಿಲ್ಲದೆ ಮನಸ್ಸಿನಲ್ಲೇ ಕೈಮುಗಿದ. ಫೋನು ನಡುನಡುವೆ ಟಣ್ ಟಣ್ ಎನ್ನುತ್ತಿತ್ತು. ಕೈ ಗ್ರೀಸಾಗಿತ್ತು. ಬೆಳಗಿನ ಪಾಠ ಕಲಿತವನಾದ್ದರಿಂದ ಮುಟ್ಟಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅಂಗಡಿ ಮುಚ್ಚಿ ಮನೆಯ ಬೀದಿಗೆ ತಿರುಗಿದವನು ಹಾಗೇ ನಿಂತ. ಅವನ ಮನೆಯ ಮುಂದೆ ಗಿರಣಿಯ ಗಾಡಿ ನಿಂತಿತ್ತು. ಗಿರಣಿಯ ಇಬ್ಬರು ಆಳುಗಳು ಕಬ್ಬಿಣದ ಮಂಚವೊಂದನ್ನು ಅಡ್ಡ ಮಾಡಿ ಬಾಗಿಲಿನಿಂದ ಒಳಗೆ ತೂರಿಸುತ್ತಿದ್ದರು. ಬಡಗಿ ಬಾಗಿಲಿನ ಮೇಲೆ ಸಂಘದ ಬೋರ್ಡಿಗೆ ಮೊಳೆ ಹೊಡೆಯುತ್ತಿದ್ದ. ಬೀದಿಯ ತುಂಬ ಜನ.

"ಬಂದ್ರು, ಬಂದ್ರು," ಎಂದು ಯಾರೋ ಕೂಗಿದರು. ಮುದುಕ ಓಡಿಬಂದು ಕೈ ಹಿಡಿದ. ಅದೇ ಮುದುಕ. ಹಿಡಿತ ಬಿಗಿಯಾಗಿಯೇ ಇತ್ತು.

"ಏನಾಗ್ತಿದೆ ಇಲ್ಲಿ?"

"ನೀವು ಹೇಳ್ಕೊಳ್ಳೋರಲ್ಲ ಅಂತ ಗೊತ್ತು ಬಿಡಿ," ಎಂದಳು ಚಹಾದಂಗಡಿಯಕ್ಕ, ಕೈಗೆ ಲೋಟ ಕೊಡುತ್ತ.

ಗಾಲಿಯಣ್ಣ ಲೋಟವನ್ನು ಗಾಡಿಯ ಮೇಲಿಟ್ಟು, ಬಿಡುವಾದ ಕೈಯಿಂದ ಫೋನು ತೆಗೆದು, ಗಿರಣಿ ಯಜಮಾನ ಬರೆದದ್ದನ್ನು ಓದಿದ.

'ಎಲ್ಲರ ಒಳ್ಳೆಯ ಮಾತಿಗೆ ಉಪಕಾರ. ಆದರೆ ಇದರಲ್ಲಿ ದೊಡ್ಡ ಪಾಲು ನನ್ನದಲ್ಲ. ನನ್ನ ಕೊಠಡಿಗೆ ಮೂರು ಮೆಟ್ಟಿಲು. ಕಾಲಿಲ್ಲದವರು ಹತ್ತುವುದು ಹೇಗೆ? ಇದನ್ನು ಕಂಡು ಮರುಗಿದ ನಮ್ಮ ಗಾಲಿಯಣ್ಣ, ಬೀದಿಗೇ ತೆರೆದಿರುವ ತಮ್ಮ ಮನೆಯ ಮುಂಗೋಣೆಯನ್ನು ಸಂಘಕ್ಕೆ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದಾರೆ. ಗಾಡಿ, ಆಳು ನನ್ನವು. ನನ್ನ ತಾಯಿಯ ಹೆಸರಿನಲ್ಲಿ ಎರಡು ಹೊಸ ಗಾಲಿಕುರ್ಚಿ ಕೊಡುತ್ತೇನೆ. ಇದಕ್ಕೆ ಒಪ್ಪಿದ ಅವರ ಮನೆಯಾಕೆಗೆ ಎಲ್ಲರೂ ಈಗಲೇ ಹೋಗಿ ಉಪಕಾರ ಹೇಳಿರಿ.'

ಕೆಳಗೆ ಇನ್ನೂರ ಹತ್ತು ಜನ ಬರೆದಿದ್ದರು. ನರ್ಸಮ್ಮನದೂ ಇತ್ತು. ಅಷ್ಟರಲ್ಲಿ ಆಕೆಯದೇ ಫೋನು ಬಂತು.

"ಗಾಲಿಯಣ್ಣ, ಬಸ್ಸಲ್ಲಿ ಓದಿ ಕಣ್ಣಲ್ಲಿ ನೀರು ಬಂತು. ಎರಡು ಪೋಸ್ಟು, ಒಂದೇ ದಿನ. ತರಬೇತಿ ಕೊಟ್ಟೋರಿಗೂ ಇಂಥದ್ದು ಹೊಳೆದಿರ್ಲಿಲ್ಲ."

"ಅಮ್ಮಾ, ನಾನು ಹೇಳೋದು..."

"ಏನೂ ಹೇಳ್ಬೇಡಿ. ವಾಕರ್ ಸಿಕ್ತು, ನೇರ ನಿಮ್ಮ ಮನೆಗೇ ತರ್ತೀನಿ."

ಇನ್ನು ಹೆಂಡತಿ. ಗಾಲಿಯಣ್ಣನ ಕಾಲು ಹಿಂದಕ್ಕೇ ಎಳೆಯುತ್ತಿತ್ತು. ಬಾಗಿಲಿನಿಂದ ಇಣುಕಿದ. ಮುಂಗೋಣೆಯಲ್ಲಿ ಅವನ ಮಂಚವಿರಲಿಲ್ಲ, ಬೆಂಚಿರಲಿಲ್ಲ, ಕುರ್ಚಿಗಳಿರಲಿಲ್ಲ. ಗೋಡೆಯುದ್ದಕ್ಕೂ ಊರುಗೋಲುಗಳು ಎತ್ತರದ ಪ್ರಕಾರ ನಿಂತಿದ್ದವು. ನಡುವೆ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಂಘದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಗಾಲಿಕುರ್ಚಿಯಲ್ಲಿ ಕೂತಿದ್ದಳು. ಎಂಟು ವರ್ಷ ಅವನು ಬರೆದಿದ್ದ ಪುಟಗಳನ್ನು ತಿರುವಿ ನೋಡುತ್ತಿದ್ದಳು.

"ನೋಡೇ, ನನ್ನ ಕೇಳಿ ಮಾಡಿದ್ದಲ್ಲ ಇದು," ಎಂದು ಶುರು ಮಾಡಿದ.

"ನನ್ನ ಕೇಳೂ ಮಾಡ್ಲಿಲ್ಲ," ಎಂದಳು. "ಮಧ್ಯಾಹ್ನ ಮೊದಲನೇ ಗಾಡಿ ಬಂದಾಗ ಪೊರಕೆ ಹಿಡ್ಕೊಂಡೇ ಬಾಗಿಲಿಗೆ ಬಂದೆ. ಓಡಿಸ್ಬೇಕು ಅಂತ. ಅಷ್ಟರಲ್ಲಿ ಒಬ್ಬಳು ಮುದುಕಿ ಬಂದು ಕಾಲಿಗೇ ಬಿದ್ಲು. ಅವಳ ಗಂಡನಿಗೆ ಕೊನೇ ಮೂರು ವಾರ ಆಕಾಶ ನೋಡ್ಬೇಕು ಅನ್ನಿಸ್ತಿತ್ತಂತೆ. ನೀವು ಕೊಟ್ಟ ಕುರ್ಚಿಯಲ್ಲಿ ದಿನಾ ಹೊರಗೆ ಕರ್ಕೊಂಡ್ ಹೋಗ್ತಿದ್ಲಂತೆ. ಆಮೇಲೆ ಇನ್ನೊಬ್ರು. ಆಮೇಲೆ ಇನ್ನೊಬ್ರು. ಇಪ್ಪತ್ತು ವರ್ಷ ಆಯ್ತು ಈ ಮನೆಗೆ ಬಂದು, ಬೀದಿಯೋರು ಒಬ್ರೂ ನನ್ನ ಕೈ ಹಿಡಿದು ಮಾತಾಡಿರ್ಲಿಲ್ಲ. ನಾಲ್ಕನೆಯವರು ಬರೋ ಹೊತ್ತಿಗೆ ಪೊರಕೆ ಯಾಕೆ ಹಿಡಿದಿದೀನಿ ಅಂತ ಮರ್ತೇ ಹೋಯ್ತು. ಅದರಲ್ಲೇ ಕೋಣೆ ಗುಡಿಸಿಬಿಟ್ಟೆ."

ಗಾಲಿಯಣ್ಣ ನಿಜ ಹೇಳಬೇಕೆಂದು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿದ. ಕೋಣೆಯ ಸುತ್ತ ಒಮ್ಮೆ ನೋಡಿ ಕೇಳಿದ.

"ನನ್ನ ಮಂಚ ಎಲ್ಲಿ?"

"ಒಳಗೆ ಜಾಗ ಎಲ್ಲಿದೆ ಇನ್ನು? ಬೆಂಚು, ಕುರ್ಚಿ, ಮಂಚ, ಎಲ್ಲಾ ಗಾಡಿಗೆ ಹಾಕಿ ಕಳಿಸ್ದೆ. ಆ ಗಿರಣಿಯವರು ಪಾಪ, ಇಟ್ಕೋತೀನಿ ಅಂದ್ರು. ಯಂತ್ರ ಕೂತ್ಮೇಲೂ ಒಂದು ಮೂಲೆ ಉಳಿಯುತ್ತಂತೆ."

"ಮತ್ತೆ ನಾನು ಎಲ್ಲಿ ಮಲಗ್ಲಿ?"

ಹೆಂಡತಿ ಪುಸ್ತಕದ ಹೊಸ ಪುಟ ತೆರೆದು, ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತೆಗೆದಳು.

"ಕಬ್ಬಿಣದ್ದು ಒಂದು ಖಾಲಿ ಇದೆ. ಬೆಳಿಗ್ಗೆ ಆರಕ್ಕೆ ವಾಪಸ್ ಕೊಡ್ಬೇಕು, ಕುಂಬಾರರು ಬರ್ತಾರೆ. ಹೆಸರು ಹೇಳಿ. ಮತದಾರರ ಪಟ್ಟೀಲಿರೋದು."

ಗಾಲಿಯಣ್ಣ ಹೇಳಿದ. ಅವಳು ನಿಧಾನವಾಗಿ ಬರೆದುಕೊಂಡು, ಸಹಿಗೆ ಜಾಗ ತೋರಿಸಿದಳು. ಸಹಿ ಹಾಕಿ, ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅವಳಿಗೆ ಹೇಳದಿದ್ದ ಮಾತನ್ನು ಗಾಲಿಯಣ್ಣ ಹೇಳಿದ.

"ಉಪಕಾರ ಆಯ್ತು ಕಣೇ."

"ಬಾಯಲ್ಲಿ ಹೇಳಿ ಜಾರ್ಕೋಬೇಡಿ," ಎಂದು ಅವಳು ಅವನ ಜೇಬಿನಲ್ಲಿದ್ದ ಫೋನನ್ನು ತೋರಿಸಿದಳು. "ಊರಿನೋರೆಲ್ಲ ಓದೋ ಹಾಗೆ ಬರೀರಿ. ಫೋಟೋ ಸಮೇತ."

ಅವಳು ಸೆರಗು ಬಿಚ್ಚಿ ಸರಿಮಾಡಿಕೊಂಡು, ಗಾಲಿಕುರ್ಚಿಯನ್ನು ಬೆಳಕಿನ ಕಡೆಗೆ ತಿರುಗಿಸಿಕೊಂಡು ಕೂತಳು.